ಪ್ರಶ್ನೆಯೇ ಜೆರಾಕ್ಸ್ ಆಗಿದ್ದರೆ

‘ಪರಿಸರ ಮಾಲಿನ್ಯ: ಕಾರಣಗಳು ಮತ್ತು ಪರಿಹಾರಗಳು.’ ಬಿ.ಎ. ಓದುವಾಗ ನಾನು ಬರೆದುಕೊಟ್ಟ ಅಸೈನ್‌ಮೆಂಟ್ ಇದು. ಮೊನ್ನೆ ಕಾಲೇಜೊಂದರ ಎದುರಿನ ಜೆರಾಕ್ಸ್ ಅಂಗಡಿಯಲ್ಲಿ ಅದೇ ತಲೆಬರಹಕ್ಕೆ ಸ್ಪೈರಲ್ ಬೈಂಡಿಂಗ್ ಆಗುತ್ತಿತ್ತು. ಹೆಸರು, ರೋಲ್ ನಂಬರ್ ಬದಲಿಸಿದರೆ ಮುಗಿಯಿತು. ಈಗೀಗ ಚಾಟ್‌ಜಿಪಿಟಿ ಬಂದು ಆ ಅಂಗಡಿಯವನ ಹೊಟ್ಟೆಗೂ ಹೊಡೆದಿದೆ, ಪಾಪ.

ನಕಲು ಮಾಡುವ ಮಕ್ಕಳನ್ನು ಹಿಡಿಯಿರಿ ಎಂಬ ಕೂಗು ಎಲ್ಲೆಡೆ ಜೋರಾಗಿದೆ. ವರ್ಷವರ್ಷವೂ ಅದೇ ಪ್ರಶ್ನೆಯನ್ನು ನಕಲು ಮಾಡುವ ಮೇಷ್ಟ್ರನ್ನು ಹಿಡಿಯುವವರು ಯಾರು?

ಯುಜಿಸಿ 2018ರಲ್ಲಿ ಕೃತಿಚೌರ್ಯದ ವಿರುದ್ಧ ನಿಯಮ ತಂದಿತು. ಹೋಲಿಕೆ ಶೇ 10ರೊಳಗಿದ್ದರೆ ದಂಡವಿಲ್ಲ, ಶೇ 60 ದಾಟಿದರೆ ಸಂಶೋಧನಾರ್ಥಿಯ ನೋಂದಣಿಯೇ ರದ್ದು. ಹೆದರಿಕೆ ಬೇಕು, ಒಪ್ಪೋಣ. ಆದರೆ ಶೇಕಡಾವಾರು ಲೆಕ್ಕ ಬಂದದ್ದೇ ತಡ, ‘ಕಾರಣ’ ಇದ್ದಲ್ಲಿ ‘ನಿಮಿತ್ತ’ ತುರುಕಿ ಹೋಲಿಕೆ ಇಳಿಸುವ ಕಸುಬೂ ಶುರುವಾಯಿತು. ಇನ್ನು ಯಂತ್ರದ ಬರಹವನ್ನು ಯಂತ್ರದಿಂದಲೇ ಹಿಡಿಯುತ್ತೇವೆನ್ನುವವರು ಓಪನ್‌ಎಐ ಕಂಪನಿಯ ಪಾಡು ನೋಡಲಿ. 2023ರ ಜನವರಿಯಲ್ಲಿ ಅದು ಬಿಟ್ಟ ಪತ್ತೆ ಸಾಧನ, ಕಂಪನಿಯ ಪರೀಕ್ಷೆಯಲ್ಲೇ, ಯಂತ್ರದ ಬರಹದಲ್ಲಿ ಶೇ 26ರಷ್ಟನ್ನು ಮಾತ್ರ ಗುರುತಿಸಿತು. ಮನುಷ್ಯರು ಬರೆದದ್ದರಲ್ಲಿ ಶೇ 9ರಷ್ಟನ್ನು ಯಂತ್ರದ್ದೆಂದಿತು. ಜುಲೈನಲ್ಲಿ ಅದನ್ನು ಹಿಂತೆಗೆದುಕೊಂಡರು. ಆ ಲೆಕ್ಕದಲ್ಲಿ, ಸ್ವಂತವಾಗಿ ಬರೆದ ನೂರು ಮಕ್ಕಳಿದ್ದರೆ ಒಂಬತ್ತು ಮಂದಿ ಸುಮ್ಮಸುಮ್ಮನೆ ಕಳ್ಳರು.

ಕೋಲಾರದ ಕಡೆಯ ಹುಡುಗಿಗೆ ಮಾಲಿನ್ಯದ ಕಾರಣಗಳನ್ನು ಕೇಳಬೇಡಿ. ನಿಮ್ಮೂರ ಕೆರೆಗೆ ನೀರು ತರುತ್ತಿದ್ದ ಕಾಲುವೆ ಈಗ ಎಲ್ಲಿ ನಿಂತುಹೋಗಿದೆ ಎಂದು ಕೇಳಿ. ತೂಬು ಎತ್ತುತ್ತಿದ್ದ ನೀರಗಂಟಿಯ ಮನೆಯವರನ್ನು ಮಾತಾಡಿಸಿಕೊಂಡು ಬರಲಿ, ಕೈಯಲ್ಲೇ ನಕಾಶೆ ಬರೆಯಲಿ. ಮೊದಲ ವಾರ ಟಿಪ್ಪಣಿ, ಆಮೇಲೆ ಕರಡು, ಕೊನೆಗೆ ಎದುರು ಕೂತು ಐದು ನಿಮಿಷ ಮಾತು: ‘ಈ ವಾಕ್ಯ ಯಾಕೆ ಬರೆದೆಯಮ್ಮಾ?’ ವಾಕ್ಯಗಳನ್ನು ಚಾಟ್‌ಜಿಪಿಟಿ ತಿದ್ದಿಕೊಟ್ಟರೂ ಕೊಡಲಿ. ಕೆರೆ ಏರಿಯ ಮೇಲೆ ನಡೆದವಳು ಅವಳೇ ತಾನೇ.

‘ಹೇಳೋದು ಸುಲಭ ಸಾರ್, ನೂರಿಪ್ಪತ್ತು ಮಕ್ಕಳಿಗೆ ನಾನೊಬ್ಬ’ ಎನ್ನುತ್ತಾರೆ ಅತಿಥಿ ಉಪನ್ಯಾಸಕರು. ಅವರ ಕಷ್ಟ ನಿಜ. ಹಾಗಿದ್ದರೆ ವಿಷಯಕ್ಕೆ ಐದು ಅಸೈನ್‌ಮೆಂಟ್ ಏಕೆ? ಒಂದೇ ಇರಲಿ, ಆ ಒಂದನ್ನು ಓದಿ. ಈಗ ಮೊದಲ ಪುಟಕ್ಕೊಂದು, ಕೊನೆಯ ಪುಟಕ್ಕೊಂದು ಕೆಂಪು ಟಿಕ್ ಬೀಳುತ್ತದೆ. ಅದು ಮಕ್ಕಳಿಗೂ ಗೊತ್ತು.

ನನಗೂ ಗೊತ್ತಿತ್ತು. ಅಂದಿನ ನನ್ನ ಪರಿಸರ ಮಾಲಿನ್ಯದ ಹನ್ನೊಂದನೇ ಪುಟದಲ್ಲಿ ಅಮ್ಮನ ಸಾರಿನ ಪುಡಿಯ ಅಳತೆ ಬರೆದಿಟ್ಟಿದ್ದೆ. ಹತ್ತಕ್ಕೆ ಒಂಬತ್ತು ಬಂತು.