ಯಾವ ಮಹಶೀರ್, ಸ್ವಾಮಿ?

ದೆಹಲಿಯ ಆರ್.ಕೆ.ಪುರಂನಲ್ಲಿ ನಾಲ್ವರು ಕನ್ನಡಿಗರು ಸೇರಿದರೆ ಕಾವೇರಿಯ ಮಾತು ಬಾರದೆ ಇರದು. ರಾವ್ ತುಲಾರಾಮ್ ಮಾರ್ಗದ ಕರ್ನಾಟಕ ಸಂಘದ ಆಸುಪಾಸಿನಲ್ಲಿ ಕಾಫಿ ಲೋಟ ಹಿಡಿದು ನಿಂತವರಿಗೆ ನೀರು ಹಂಚಿಕೆಯ 284.75, 177.25 ಎಂಬ ಟಿಎಂಸಿ ಅಂಕಿಗಳು ಮಗ್ಗಿಯಷ್ಟೇ ಬಾಯಿಪಾಠ. ಆ ನೀರಿನೊಳಗೆ ಏನಿದೆ ಎಂದು ಕೇಳಿದರೆ ಮಾತ್ರ ಮುಖಮುಖ ನೋಡಿಕೊಳ್ಳುತ್ತಾರೆ. ಕಾವೇರಿ ಮತ್ತು ಅದರ ಉಪನದಿಗಳನ್ನು ಬಿಟ್ಟರೆ ಭೂಮಿಯ ಮೇಲೆ ಬೇರೆಲ್ಲೂ ಇಲ್ಲದ ಡುಬ್ಬದ ಮಹಶೀರ್ ಅಳಿವಿನ ಅಂಚಿಗೆ ಬಂದಿದೆ, ಗ್ರಾಮ ಪಂಚಾಯಿತಿಯಿಂದ ವಿಧಾನಸೌಧದವರೆಗೆ ಯಾರೂ ತಮ್ಮ ಪಾಲಿನ ಕೆಲಸ ಮಾಡಿಲ್ಲ ಎಂದು ನಾನು ಹೇಳುತ್ತ ಬಂದಿದ್ದೇನೆ. ಅದಕ್ಕೆ ಎದುರಾಗುವ ಆಕ್ಷೇಪಗಳು ಏಳು. ಒಂದೊಂದನ್ನೇ ಎತ್ತಿಕೊಳ್ಳುತ್ತೇನೆ. ತೀರ್ಪು ಓದುಗರದು.

ಮೊದಲನೆಯದು, ಇಲಾಖೆಗಳ ಅಚ್ಚುಮೆಚ್ಚಿನದು: ‘ಮಹಶೀರ್‌ಗೆ ಏನೂ ಕೊರತೆಯಿಲ್ಲ, ವರ್ಷವರ್ಷವೂ ಮರಿ ಬಿತ್ತನೆ ನಡೆದಿದೆ.’ ಯಾವ ಮಹಶೀರ್, ಸ್ವಾಮಿ? ಲೋಣಾವಳದ ಟಾಟಾ ವಿದ್ಯುತ್ ಕಂಪನಿಯ ಕೇಂದ್ರದಲ್ಲಿ 1970ರ ದಶಕದಿಂದ ಕೃತಕವಾಗಿ ಬೆಳೆಸಿ, ಆಮೇಲೆ ಕಾವೇರಿಗೂ ತಂದು ಬಿಟ್ಟದ್ದು ನೀಲಿ ಈಜುರೆಕ್ಕೆಯ ಮಹಶೀರ್. 1839ರಲ್ಲಿ ಪ್ರಕೃತಿತಜ್ಞ ಸೈಕ್ಸ್ ಅದನ್ನು ವಿವರಿಸಿದ್ದು ಪುಣೆಯ ಕಡೆಯ ಹೊಳೆಗಳಿಂದ, ಅಂದರೆ ಕೃಷ್ಣಾ ಕೊಳ್ಳದಿಂದ. ಕಾವೇರಿಯ ಡುಬ್ಬದ ಮೀನು ಬೇರೆಯೇ ಜಾತಿ. ಕಾವೇರಿ ದಂಡೆಯ ಗಾಲಿಬೋರೆ ಶಿಬಿರದಲ್ಲಿ 1998ರಿಂದ 2012ರವರೆಗೆ ಗಾಳ ಹಾಕಿದವರು ಬರೆದಿಟ್ಟ ಲೆಕ್ಕ ಇದೆ: 23,620 ಗಂಟೆಗಳ ಗಾಳ, 6,161 ಮಹಶೀರ್. ಆ ಲೆಕ್ಕವನ್ನು ವಿಜ್ಞಾನಿಗಳು ಬಿಡಿಸಿ ನೋಡಿದಾಗ ನೀಲಿ ರೆಕ್ಕೆಯದು ವರ್ಷದಿಂದ ವರ್ಷಕ್ಕೆ ಹೆಚ್ಚಿತ್ತು, ಡುಬ್ಬದ್ದು ಇಳಿದಿತ್ತು. ಇಳಿದದ್ದಷ್ಟೇ ಅಲ್ಲ, ಸಿಕ್ಕ ಕೆಲವೇ ಡುಬ್ಬದ ಮೀನುಗಳ ಸರಾಸರಿ ತೂಕ ಏರುತ್ತಿತ್ತು. ಅರ್ಥ ಸರಳ: ಮುದುಕರು ಉಳಿದಿದ್ದಾರೆ, ಮಕ್ಕಳು ಹುಟ್ಟುತ್ತಿಲ್ಲ. ಮನೆಯ ಮಗ ಕಾಣೆಯಾಗಿದ್ದಾನೆಂದು ದೂರು ಕೊಟ್ಟರೆ, ‘ಚಿಂತೆ ಬೇಡ, ಪಕ್ಕದ ಬೀದಿಯಿಂದ ಹತ್ತು ಹುಡುಗರನ್ನು ಕರೆತಂದಿದ್ದೇವೆ’ ಎನ್ನುವ ಪೊಲೀಸರನ್ನು ನೀವು ಮೆಚ್ಚುತ್ತೀರಾ? ಮೇಲಾಗಿ 2018ರಲ್ಲಿ, ಜೀವಿಗಳ ಅಳಿವಿನ ಅಪಾಯ ಅಳೆಯುವ ಐಯುಸಿಎನ್ ಪಟ್ಟಿ ನೀಲಿ ರೆಕ್ಕೆಯದಕ್ಕೆ ‘ಕಳವಳವಿಲ್ಲ’ ಎಂದಿತು, ಡುಬ್ಬದ್ದನ್ನು ‘ತೀವ್ರ ಅಪಾಯ’ದ ಸಾಲಿಗೆ ಸೇರಿಸಿತು. ಹೊಟ್ಟೆ ತುಂಬಿದವನ ಎಲೆಗೆ ಬಡಿಸಿ ಹಸಿದವನ ಹೆಸರಲ್ಲಿ ಲೆಕ್ಕ ಬರೆದುಕೊಳ್ಳುವುದಕ್ಕೆ ಸಂರಕ್ಷಣೆ ಎನ್ನುವುದಿಲ್ಲ.

ಎರಡನೆಯದು ಮೊದಲನೆಯದರ ಬೆನ್ನಿಗೇ ಬರುತ್ತದೆ: ‘ಆ ಮೀನಿಗೆ ಸರಿಯಾದ ವೈಜ್ಞಾನಿಕ ಹೆಸರೇ ಇರಲಿಲ್ಲ. ಹೆಸರಿಲ್ಲದ್ದನ್ನು ರಕ್ಷಿಸುವುದು ಹೇಗೆ?’ ಹೆಸರಿನ ಗೊಂದಲ ಇದ್ದದ್ದು ನಿಜ. ಕೇರಳದ ಪಾಂಬಾರ್ ಹೊಳೆಯ ಮೀನುಗಳಿಂದ ಮೊದಲೇ ವಿವರಿಸಿದ್ದ ಟಾರ್ ರೆಮಾದೇವಿಯೇ ಕಾವೇರಿಯ ಈ ದೈತ್ಯ ಎಂದು ಖಚಿತವಾದದ್ದು 2018ರ ಜೂನ್‌ನಲ್ಲಿ. ಆದರೆ ಹೆಸರಿಲ್ಲದಿದ್ದಾಗ ಈ ಮೀನಿನಿಂದ ಯಾರಿಗೆ ಏನು ಅಡ್ಡಿಯಾಗಿತ್ತು? 1946ರಲ್ಲಿ ಮೈಸೂರಿನ ವಾನ್ ಇಂಗೆನ್ 120 ಪೌಂಡಿನ ಮಹಶೀರ್ ಹಿಡಿದು ದಾಖಲೆ ಬರೆಯಲು ಲ್ಯಾಟಿನ್ ಬೇಕಾಗಲಿಲ್ಲ. ಭೀಮೇಶ್ವರಿ, ದೊಡ್ಡಮಾಕಳಿ, ಗಾಲಿಬೋರೆಗಳಲ್ಲಿ ಸರ್ಕಾರದ್ದೇ ಸಂಸ್ಥೆ ಶಿಬಿರ ಹೂಡಿ ವಿದೇಶಿಯರನ್ನು ಬರಮಾಡಿಕೊಂಡಾಗಲೂ ಬೇಕಾಗಲಿಲ್ಲ. ಬಾಡಿಗೆ ಪಡೆಯುವಾಗ ಗುರುತು ಸಿಕ್ಕುವ ಮೀನು ಕಾಯುವಾಗ ಮಾತ್ರ ಅಪರಿಚಿತವಾಗುತ್ತದೆ. ಹೋಗಲಿ, ಹೆಸರು ಬಂದು ವರ್ಷಗಳಾದವು. ನೆಪಕ್ಕೂ ಅವಧಿ ಮುಗಿಯುವುದುಂಟು. ಇನ್ನೊಂದು ತೊಡಕನ್ನೂ ಗಮನಿಸಿ: ಮೊದಲ ವಾದ ಮೀನು ಹೇರಳ ಎನ್ನುತ್ತದೆ, ಎರಡನೆಯದು ಅದು ಯಾವ ಮೀನೆಂದೇ ಗೊತ್ತಿರಲಿಲ್ಲ ಎನ್ನುತ್ತದೆ. ಯಾವುದೆಂದು ಗೊತ್ತಿಲ್ಲದ್ದನ್ನು ಎಣಿಸಿದವರಾರು?

ಮೂರನೆಯ ವಾದ: ‘ಗಾಳವನ್ನೇ ನಿಲ್ಲಿಸಿದ್ದೇವೆ, ಇನ್ನೇನು ಬೇಕು?’ ಹೌದು, 2012ರಲ್ಲಿ ಕಾವೇರಿ ವನ್ಯಜೀವಿಧಾಮದಲ್ಲಿ ಗಾಳದ ಮೋಜು ನಿಂತಿತು. ಅಲ್ಲಿ ನಡೆಯುತ್ತಿದ್ದದ್ದು ಹಿಡಿದು, ತೂಗಿ, ಮತ್ತೆ ನೀರಿಗೆ ಬಿಡುವ ಪದ್ಧತಿ. ಮೋಜಿಗಾಗಿ ಮೂಕಜೀವಿಯ ಬಾಯಿಗೆ ಕೊಕ್ಕೆ ಸಿಕ್ಕಿಸುವುದನ್ನು ನಾನು ಸಮರ್ಥಿಸುವವನಲ್ಲ. ಆದರೆ ನಿಂತದ್ದೇನು ಎಂದು ಲೆಕ್ಕ ಹಾಕಿ. ಗಾಳ ನಿಂತಿತು, ಗಾಳದವರ ಜೊತೆ ಹರಿಗೋಲು ಹುಟ್ಟುಹಾಕುತ್ತ ಮಡುಗಳಿಗೆ ಕಾವಲಾಗಿದ್ದ ಊರವರ ಕೆಲಸ ನಿಂತಿತು, ಹದಿನೈದು ವರ್ಷದ ಲೆಕ್ಕದ ಪುಸ್ತಕವೂ ಮುಚ್ಚಿತು. ರಾತ್ರಿ ಮಡುವಿಗೆ ತೋಟೆ ಎಸೆಯುವವನು ಯಾವ ಶಿಬಿರದಲ್ಲೂ ಹೆಸರು ನೋಂದಾಯಿಸಿದವನಲ್ಲ, ಅವನಿಗೆ ಈ ಆದೇಶ ತಟ್ಟಲಿಲ್ಲ. ಸಿಡಿಮದ್ದು ಮತ್ತು ವಿಷ ಹಾಕಿ ಮೀನು ಹಿಡಿಯುವುದು 1897ರ ಮೀನುಗಾರಿಕೆ ಕಾಯ್ದೆಯಿಂದಲೇ ಅಪರಾಧ. ನೂರಿಪ್ಪತ್ತೈದು ವರ್ಷ ಹಳೆಯ ಕಾನೂನನ್ನು ಕಪಾಟಿನಲ್ಲಿಟ್ಟು, ಹೊಸ ನಿಷೇಧವೊಂದನ್ನು ಎದೆಗೆ ಪದಕದಂತೆ ಚುಚ್ಚಿಕೊಳ್ಳುವುದು ಸುಲಭ. ಮೀನು ಪದಕ ನೋಡುವುದಿಲ್ಲ.

ನಾಲ್ಕನೆಯದು ಪಂಚಾಯಿತಿ ಕಟ್ಟೆಯ ಮಾತು: ‘ನದಿ ನೀರಾವರಿಯವರದು, ಕಾಡು ಅರಣ್ಯದವರದು, ಮೀನು ಮೀನುಗಾರಿಕೆಯವರದು. ಇದು ನಮ್ಮ ವ್ಯಾಪ್ತಿಯಲ್ಲ.’ ಕೆರೆಯ ಮೀನು ಹರಾಜಿಗೆ ಬಂದ ದಿನ ಈ ವ್ಯಾಪ್ತಿಯ ಸಂಕೋಚ ಎಲ್ಲಿ ಅಡಗಿರುತ್ತದೋ! ಸಂವಿಧಾನದ 11ನೆಯ ಅನುಸೂಚಿಯಲ್ಲಿ ಪಂಚಾಯಿತಿಗಳಿಗೆ ಒಪ್ಪಿಸಬಹುದಾದ 29 ವಿಷಯಗಳಿವೆ. ಐದನೆಯದು ಮೀನುಗಾರಿಕೆ. 2002ರ ಜೀವವೈವಿಧ್ಯ ಕಾಯ್ದೆಯ 41ನೆಯ ಕಲಮು ಪ್ರತಿ ಸ್ಥಳೀಯ ಸಂಸ್ಥೆಯೂ ಜೀವವೈವಿಧ್ಯ ನಿರ್ವಹಣಾ ಸಮಿತಿ ರಚಿಸಲೇಬೇಕೆಂದು ಹೇಳುತ್ತದೆ. ಊರಿನ ಗಿಡ, ಪ್ರಾಣಿ, ಮೀನುಗಳ ದಾಖಲೆ ಬರೆಯುವುದು ಆ ಸಮಿತಿಯ ಹೊಣೆ. ದೇಶದ ಸ್ಥಳೀಯ ಸಂಸ್ಥೆಗಳು ಎಷ್ಟು ಉತ್ಸಾಹದಿಂದ ಈ ಕೆಲಸ ಮಾಡಿದವೆಂದರೆ, 2020ರ ಜನವರಿ 31ರೊಳಗೆ ಮುಗಿಸದ ರಾಜ್ಯಗಳು ತಿಂಗಳಿಗೆ 10 ಲಕ್ಷ ರೂಪಾಯಿ ಕಟ್ಟಬೇಕೆಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಗಡುವು ಹಾಕಬೇಕಾಯಿತು. ದಂಡದ ಭಯಕ್ಕೆ ರಾತ್ರೋರಾತ್ರಿ ಹುಟ್ಟಿದ ಸಮಿತಿ ಒಂದು ಸಹಿಯಲ್ಲಿ ಮುಗಿಯುತ್ತದೆ. ಮಡುವಿನಲ್ಲಿ ಯಾವ ಮೀನಿದೆ ಎಂಬುದು ಸಹಿಯಿಂದ ಗೊತ್ತಾಗುವುದಿಲ್ಲ, ಹೊಳೆ ದಂಡೆಯ ಬೆಸ್ತರನ್ನು ಕೂರಿಸಿ ಕೇಳಬೇಕು.

ಐದನೆಯದು ಭಕ್ತರ ಸಮಾಧಾನ: ‘ನಮ್ಮಲ್ಲಿ ದೇವರ ಮೀನನ್ನು ಯಾರೂ ಮುಟ್ಟುವುದಿಲ್ಲ. ಶಿಶಿಲ, ಶೃಂಗೇರಿ, ರಾಮನಾಥಪುರ ನೋಡಿ.’ ನೋಡಿದ್ದೇನೆ, ಕೈಯಾರೆ ಮಂಡಕ್ಕಿ ಹಾಕಿದ್ದೇನೆ. ಕಾನೂನು ಕಲಿಯಬೇಕಾದ ಪಾಠ ಆ ಮೆಟ್ಟಿಲುಗಳಲ್ಲಿದೆ ಎಂಬುದನ್ನೂ ಒಪ್ಪುತ್ತೇನೆ. ಆದರೆ ಶಿಶಿಲದ ಕಪಿಲಾ ಪಡುವಣಕ್ಕೆ ಹರಿಯುವ ಹೊಳೆ, ಶೃಂಗೇರಿಯ ತುಂಗೆ ಕೃಷ್ಣಾ ಕೊಳ್ಳದವಳು. ಡುಬ್ಬದ ಮಹಶೀರ್ ಇರುವುದು ಕಾವೇರಿ ಕೊಳ್ಳದಲ್ಲಿ ಮಾತ್ರ. ಮೂರರಲ್ಲಿ ಎರಡು ಸಾಕ್ಷಿ ಇನ್ನೊಂದು ಮೊಕದ್ದಮೆಯವು. ದೇವರ ಭಯ ಎಲ್ಲರಿಗೂ ಒಂದೇ ಅಳತೆಯಲ್ಲಿಲ್ಲ ಎಂಬುದನ್ನು 1996ರಲ್ಲಿ ಶಿಶಿಲದ ನೀರಿಗೆ ಬಿದ್ದ ವಿಷವೇ ತೋರಿಸಿತು. ಸತ್ತ ಮೀನುಗಳಿಗೆ ಅಲ್ಲಿನವರು ಸ್ಮಾರಕ ಕಟ್ಟಿದರು. ಅದು ಅವರ ದೊಡ್ಡ ಮನಸ್ಸು. ಸ್ಮಾರಕ ಕಟ್ಟುವ ಪ್ರಸಂಗವೇ ಬಾರದಂತೆ ನೋಡಿಕೊಳ್ಳುವುದು ಆಡಳಿತದ ಕೆಲಸ.

ಆರನೆಯ ವಾದಕ್ಕೆ ಚಪ್ಪಾಳೆ ಹೆಚ್ಚು: ‘ಮೀನು ಮುಖ್ಯವೋ, ಬೆಂಗಳೂರಿನ ಕುಡಿಯುವ ನೀರು ಮುಖ್ಯವೋ?’ ಮೇಕೆದಾಟು ಅಣೆಕಟ್ಟನ್ನು ಪ್ರಶ್ನಿಸಿದವರ ಬಾಯಿ ಮುಚ್ಚಿಸಲು ಈ ಒಂದು ವಾಕ್ಯ ಸಾಕು ಎಂದುಕೊಂಡವರಿದ್ದಾರೆ. ಲೆಕ್ಕ ನೋಡೋಣ. ಬೆಂಗಳೂರಿಗೆಂದು ಹೇಳುತ್ತಿರುವುದು 4.75 ಟಿಎಂಸಿ, ಕಟ್ಟಹೊರಟಿರುವುದು 67 ಟಿಎಂಸಿ ಜಲಾಶಯ, ಜೊತೆಗೆ 400 ಮೆಗಾವಾಟ್ ವಿದ್ಯುತ್. ಮುಳುಗುವುದು ಸುಮಾರು 5 ಸಾವಿರ ಹೆಕ್ಟೇರ್, ಅದರಲ್ಲಿ 3 ಸಾವಿರಕ್ಕೂ ಮಿಕ್ಕಿದ್ದು ಕಾವೇರಿ ವನ್ಯಜೀವಿಧಾಮದ್ದೇ. ಒಂದು ಲೋಟ ನೀರು ಕೇಳಿದವನು ಬಾವಿಯ ಜೊತೆಗೆ ತೋಟವನ್ನೂ ಬರೆಸಿಕೊಂಡಂತಾಯಿತು. ಬೆಂಗಳೂರು 1974ರಿಂದ ಕಾವೇರಿ ಕುಡಿಯುತ್ತಿದೆ. ದಿನಕ್ಕೆ 775 ದಶಲಕ್ಷ ಲೀಟರಿನ ಐದನೆಯ ಹಂತವೂ 2024ರ ಅಕ್ಟೋಬರ್‌ನಲ್ಲಿ ಮೇಕೆದಾಟು ಇಲ್ಲದೆಯೇ ಉದ್ಘಾಟನೆಯಾಯಿತು. ಇನ್ನೊಂದು ವಿಷಯದ ಬಗ್ಗೆ ಈ ವಾದ ಮಾಡುವವರು ಬಾಯಿ ಬಿಡುವುದಿಲ್ಲ. ಬೆಂಗಳೂರಿನ ಕೊಳಚೆ ಹೊತ್ತ ವೃಷಭಾವತಿ ಅರ್ಕಾವತಿಯನ್ನು ಸೇರುತ್ತದೆ, ಅರ್ಕಾವತಿ ಸಂಗಮದಲ್ಲಿ ಕಾವೇರಿಯನ್ನು ಸೇರುತ್ತದೆ. ಮೇಕೆದಾಟು ಇರುವುದು ಆ ಸಂಗಮದ ಕೆಳಗೆ. ಅಂದರೆ ನಗರ ತಾನು ಬಿಟ್ಟ ಕೊಳಚೆಯನ್ನು ಅಣೆಕಟ್ಟಿನಲ್ಲಿ ತಡೆದು ನಿಲ್ಲಿಸಿ, ಮತ್ತೆ ಮೇಲಕ್ಕೆತ್ತಿ ಕುಡಿಯುವ ಯೋಜನೆ. ಇದಕ್ಕಾಗಿ ಬಲಿ ಕೊಡಬೇಕಾದದ್ದು ಶಿವನಸಮುದ್ರದ ಜಲಪಾತಕ್ಕೂ 1934ರ ಮೆಟ್ಟೂರು ಜಲಾಶಯಕ್ಕೂ ನಡುವೆ ಕಾವೇರಿ ಇನ್ನೂ ಹರಿಯುವ ನದಿಯಾಗಿ ಉಳಿದಿರುವ ಹಾದಿಯನ್ನು. ಮಹಶೀರ್ ಮಳೆಗಾಲದಲ್ಲಿ ಹರಿವಿಗೆ ಎದುರಾಗಿ ಈಜಿ ಗರಸುಕಲ್ಲಿನ ಮೇಲೆ ಮೊಟ್ಟೆಯಿಡುವ ಮೀನು. ನಿಂತ ನೀರಿನಲ್ಲಿ ಅದು ಎದುರೀಜುವುದಾದರೂ ಯಾವುದಕ್ಕೆ? ಮೀನೋ ನೀರೋ ಎಂಬ ಪ್ರಶ್ನೆಯೇ ಸುಳ್ಳು. ಮೀನು ಬದುಕಲಾಗದ ನೀರನ್ನು ಕುಡಿಯುವುದು ಹೇಗೆ ಎಂಬುದು ನಿಜವಾದ ಪ್ರಶ್ನೆ.

ಕೊನೆಯದು ನನ್ನ ಮೇಲೇ ಬಂದ ಬಾಣ: ‘ದೆಹಲಿಯಲ್ಲಿ ಕೂತವರಿಗೆ ಕಾವೇರಿಯ ಮಾತೇಕೆ? ಮೊದಲು ನಿಮ್ಮ ಯಮುನೆಯನ್ನು ತೊಳೆಯಿರಿ.’ ಯಮುನೆಯನ್ನು ನೋಡಿದ್ದರಿಂದಲೇ ಹೇಳುತ್ತಿದ್ದೇನೆ. ವಜೀರಾಬಾದಿನಿಂದ ಓಖ್ಲಾದವರೆಗಿನ 22 ಕಿಲೋಮೀಟರ್ ಇಡೀ ನದಿಯ ಶೇ. 2ರಷ್ಟೂ ಉದ್ದವಿಲ್ಲ, ಅದರ ಮಾಲಿನ್ಯದ ಸುಮಾರು ಮುಕ್ಕಾಲು ಪಾಲು ಮಾತ್ರ ಅಲ್ಲಿಯದೇ. ನದಿ ಸತ್ತ ಮೇಲೆ ಸಮಿತಿಗಳು ಎಷ್ಟು ಹುಲುಸಾಗಿ ಬೆಳೆಯುತ್ತವೆ ಎಂಬುದನ್ನು ಈ ಊರಿನಷ್ಟು ಚೆನ್ನಾಗಿ ಯಾರೂ ಕಲಿಸಲಾರರು. ಇನ್ನು ದೂರದ ಮಾತು. ಕೇಂದ್ರ ಜಲ ಆಯೋಗದ ಸೇವಾ ಭವನ ಇರುವುದು ಇದೇ ಆರ್.ಕೆ.ಪುರಂನಲ್ಲಿ. ಮೇಕೆದಾಟಿನ ವಿಸ್ತೃತ ವರದಿ ತಯಾರಿಸಲು 2018ರ ನವೆಂಬರ್‌ನಲ್ಲಿ ಒಪ್ಪಿಗೆ ಸಿಕ್ಕಿದ್ದು ಈ ಆಯೋಗದಿಂದಲೇ, ಮರುವರ್ಷದ ಜನವರಿಯಲ್ಲಿ ಆ ವರದಿ ಬಂದು ತಲುಪಿದ್ದೂ ಇದಕ್ಕೇ. ಕಡತಕ್ಕೆ ದೆಹಲಿ ಹತ್ತಿರ, ಪ್ರಶ್ನೆಗೆ ಮಾತ್ರ ದೂರವೇ?

ಏಳೂ ವಾದಗಳನ್ನು ಒಟ್ಟಿಗೆ ಇಟ್ಟು ನೋಡಿ. ಮೀನು ಬೇಕಾದಷ್ಟಿದೆ, ಅದು ಯಾವ ಮೀನೆಂದು ಗೊತ್ತಿರಲಿಲ್ಲ, ನಾವು ಕಾಪಾಡಿಯಾಯಿತು, ಕಾಪಾಡುವುದು ನಮ್ಮ ಕೆಲಸವಲ್ಲ, ದೇವರು ಕಾಪಾಡುತ್ತಾನೆ, ಕಾಪಾಡುವ ಅಗತ್ಯವಿಲ್ಲ, ಕೇಳಲು ನೀವು ಯಾರು? ಒಂದನ್ನೊಂದು ಹೊಡೆದುಹಾಕುವ ಈ ಸಾಕ್ಷಿಗಳನ್ನು ಯಾವ ತಾಲ್ಲೂಕು ನ್ಯಾಯಾಲಯವೂ ನಂಬದು.

ನಾನು ಕೇಳುತ್ತಿರುವುದು ದೊಡ್ಡದೇನಲ್ಲ. ಕಾವೇರಿ ಕೊಳ್ಳಕ್ಕೆ ಹೊರಗಿನ ಮಹಶೀರ್ ಮರಿ ಬಿಡುವುದು ನಿಲ್ಲಲಿ. ದಂಡೆಯ ಪಂಚಾಯಿತಿಗಳು ತಮ್ಮ ಮಡುಗಳ ಹೆಸರನ್ನೂ ಅವುಗಳ ಮೀನನ್ನೂ ದಾಖಲೆಗೆ ಬರೆಯಲಿ, ಶಿಬಿರಗಳಲ್ಲಿ ಕೆಲಸ ಕಳೆದುಕೊಂಡವರನ್ನೇ ಸಂಬಳ ಕೊಟ್ಟು ಕಾವಲಿಗಿಡಲಿ. ಕಾವೇರಿ ನ್ಯಾಯಮಂಡಳಿಯ 2007ರ ಐತೀರ್ಪು 740 ಟಿಎಂಸಿಯಲ್ಲಿ ಪರಿಸರಕ್ಕೆಂದು ತೆಗೆದಿಟ್ಟ 10 ಟಿಎಂಸಿ ಯಾವ ತಿಂಗಳು, ಯಾವ ಮಡುವಿಗೆ ತಲುಪುತ್ತದೆಂದು ಯಾರಾದರೂ ಹೇಳಲಿ.

ಡುಬ್ಬದ ಮಹಶೀರ್ ಬದುಕಿದ್ದ ಹಾದಿಯಲ್ಲೇ ಬಿಳಿಗುಂಡ್ಲು ಇದೆ. ಅಲ್ಲಿ ಜಲ ಆಯೋಗದ ಮಾಪಕವೊಂದು ಪ್ರತಿದಿನ ಎಷ್ಟು ಕ್ಯೂಸೆಕ್ಸ್ ನೀರು ಹರಿಯಿತೆಂದು ಬರೆದಿಡುತ್ತದೆ, ಆ ಅಂಕಿಗಾಗಿ ಎರಡು ರಾಜ್ಯಗಳು ಬೀದಿಗಿಳಿಯುತ್ತವೆ. ಅದೇ ನೀರಿನಲ್ಲಿ ಎಷ್ಟು ಮೀನು ಉಳಿದಿದೆ ಎಂದು ಬರೆಯಲು ಆ ಪುಸ್ತಕದಲ್ಲಿ ಒಂದು ಅಂಕಣವೂ ಇಲ್ಲ.