ಆರು ಮುಖದ ದಾಳ ಗೆದ್ದ ಕಥೆ

ತಾಳಮದ್ದಳೆ ಕೇಳಿದವರಿಗೆ ಟೇಬಲ್‌ಟಾಪ್ ರೋಲ್‌ಪ್ಲೇಯಿಂಗ್ ಗೇಮ್ ಅರ್ಥ ಮಾಡಿಸೋದು ಸುಲಭ. ವೇಷ ಇಲ್ಲ, ಕುಣಿತ ಇಲ್ಲ, ಕೂತಲ್ಲೇ ಮಾತಿನಲ್ಲಿ ಪಾತ್ರ ಆಗೋದು. ಆದ್ರೆ ತಾಳಮದ್ದಳೆಯಲ್ಲಿ ಕರ್ಣ ಸಾಯ್ತಾನೆ ಅಂತ ಎಲ್ಲರಿಗೂ ಮೊದಲೇ ಗೊತ್ತು. ಇಲ್ಲಿ ಅದನ್ನ ದಾಳ ಹೇಳುತ್ತೆ.

ಮಾತೇ ಆಟ ಆದಮೇಲೆ ಯಾವ ಭಾಷೆಯಲ್ಲಿ ಅನ್ನೋ ಪ್ರಶ್ನೆ ಬಂದೇ ಬರುತ್ತೆ. ಅಮೆರಿಕದಲ್ಲಿ 1974ರಲ್ಲಿ ಹುಟ್ಟಿದ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಬೇರೆ ಭಾಷೆಗೆ ಹೋದಾಗ ಏನಾಯ್ತು ಅಂತ ಯಾರಾದ್ರೂ ಕೇಳಿದ್ರೆ ನಾನು ಜಪಾನ್ ಕಥೆ ಹೇಳ್ತೀನಿ.

1985ರಲ್ಲಿ ಶಿನ್ವಾ ಅನ್ನೋ ಕಂಪನಿ ಅದನ್ನ ಜಪಾನೀಸ್‌ಗೆ ತಂತು. ಪೆಟ್ಟಿಗೆ ಬಂತು ಸರಿ, ಆಡೋದು ಹೇಗೆ? ನಿಯಮ ಓದಿದ ಮಾತ್ರಕ್ಕೆ ಈ ಆಟ ತಲೆಗೆ ಹೋಗಲ್ಲ, ಆಡೋರನ್ನ ನೋಡಬೇಕು. ಆ ಕೊರತೆ ತುಂಬಿದ್ದು ಅನುವಾದಕ ಯಾಸುದಾ ಹಿತೋಶಿ ಕಟ್ಟಿದ ಗ್ರೂಪ್ ಎಸ್‌ಎನ್‌ಇ. ತಾವು ಆಡಿದ್ದನ್ನ ನಾಟಕದ ಸಂಭಾಷಣೆ ಥರ ಬರೆದು 1986ರಿಂದ ಕಾಂಪ್ಟಿಕ್ ಪತ್ರಿಕೆಯಲ್ಲಿ ಕಂತು ಕಂತಾಗಿ ಹಾಕಿದ್ರು. ಇದಕ್ಕೆ ಅಲ್ಲಿ 'ರಿಪ್ಲೇ' ಅಂತಾರೆ. ಅನಿಮೆ ನೋಡೋರಿಗೆ ಗೊತ್ತಿರೋ 'ರೆಕಾರ್ಡ್ ಆಫ್ ಲೋಡಾಸ್ ವಾರ್' ಹುಟ್ಟಿದ್ದು ಹೀಗೆ. ಅದರ ಎಲ್ಫ್ ಹುಡುಗಿ ಡೀಡ್‌ಲಿಟ್ ಆಗಿ ಮೇಜಿನಲ್ಲಿ ಮಾತಾಡಿದ್ದು ಯಾಮಾಮೊಟೊ ಹಿರೋಶಿ ಅನ್ನೋ ಗಂಡಸು ಲೇಖಕ. (ಯಕ್ಷಗಾನದ ಸ್ತ್ರೀವೇಷ ನೋಡಿದ ನಮಗೆ ಇದೇನು ಹೊಸದಲ್ಲ ಬಿಡಿ.)

ಅನುವಾದದ ಆಟಕ್ಕೆ ಜನ ಸೇರಿಸಿದ ಅದೇ ಗುಂಪು 1989ರಲ್ಲಿ ಸ್ವಂತ ಆಟ ತಂತು: ಸೋರ್ಡ್ ವರ್ಲ್ಡ್. ಡಿ ಅಂಡ್ ಡಿಗೆ ನಾಲ್ಕು ಮುಖದಿಂದ ಇಪ್ಪತ್ತು ಮುಖದ ತನಕ ತರಹೇವಾರಿ ದಾಳ ಬೇಕು. ಇದಕ್ಕೆ ಮನೆಯಲ್ಲಿರೋ ಆರು ಮುಖದ ದಾಳ ಎರಡಿದ್ರೆ ಸಾಕು. ನಿಯಮ ಪುಸ್ತಕ ಜೇಬಿಗೆ ಹಿಡಿಸೋ ಬುಂಕೋ ಅಳತೆಯದು. ಹೈಸ್ಕೂಲ್ ಹುಡುಗ ಯಾವುದನ್ನ ತಗೋತಾನೆ ಹೇಳಿ?

ಇದನ್ನ ಅನುವಾದದ ಸೋಲು ಅಂತ ನಾನು ಒಪ್ಪಲ್ಲ. ಕಲಿಸಿಕೊಟ್ಟು ಜಾಗ ಬಿಟ್ಟುಕೊಟ್ಟಿದ್ದು ಸೋಲು ಹೇಗಾಗುತ್ತೆ?

ನಷ್ಟ ಆಗಿದ್ದು ಆಮೇಲೆ. 90ರ ದಶಕದಲ್ಲಿ ವಿಡಿಯೊ ಗೇಮ್ ಇತ್ತು, 1996ರಲ್ಲಿ ಮ್ಯಾಜಿಕ್ ಕಾರ್ಡ್ ಆಟ ಜಪಾನೀಸ್‌ನಲ್ಲೇ ಬಂತು. ಆ ಕಾಲಕ್ಕೆ ಆಟಗಾರರು ಇಟ್ಟ ಹೆಸರು 'ಚಳಿಗಾಲ'. ಅನುವಾದದ ಪುಸ್ತಕಕ್ಕೆ ಇನ್ನೊಂದು ಕಷ್ಟ ಇದ್ದೇ ಇದೆ. ಮೂಲದವರು ಹೊಸ ಆವೃತ್ತಿ ತಂದಾಗಲೆಲ್ಲ ಇಡೀ ಕೆಲಸ ಮೊದಲಿಂದ ಶುರು, ಪರವಾನಗಿ ಮಾತ್ರ ಬೇರೆಯವರ ಕೈಯಲ್ಲಿ. 2022ರಲ್ಲೂ ಅದೇ ಆಯ್ತು. ಹಾಬಿ ಜಪಾನ್ ಬೆಳೆಸಿದ ಡಿ ಅಂಡ್ ಡಿ ಐದನೇ ಆವೃತ್ತಿಯನ್ನ ಅದು ನಿಲ್ಲಿಸಬೇಕಾಯ್ತು, ಮೂಲ ಕಂಪನಿ ವಿಝರ್ಡ್ಸ್ ಆಫ್ ದ ಕೋಸ್ಟ್ ತಾನೇ ನಡೆಸೋಕೆ ಶುರು ಮಾಡ್ತು.

ಹಾಗಂತ ಎಲ್ಲ ಅನುವಾದವೂ ಬಾಡಲಿಲ್ಲ. ಅಮೆರಿಕದ್ದೇ ಆದ ಕಾಲ್ ಆಫ್ ಕಥುಲು ಇವತ್ತಿಗೂ ಜಪಾನಿನಲ್ಲಿ ಭಾರಿ ಜನಪ್ರಿಯ. ಅದಕ್ಕೆ ಜನ ಬಂದಿದ್ದು ಜಾಹೀರಾತಿಂದಲ್ಲ. ಅಭಿಮಾನಿಗಳು ರಿಪ್ಲೇಗಳನ್ನ ವಿಡಿಯೊ ಮಾಡಿ ನಿಕೊ ನಿಕೊದಲ್ಲಿ ಹಾಕಿದ್ರು, ನೋಡಿದವರು ಪುಸ್ತಕ ಹುಡುಕಿಕೊಂಡು ಹೋದ್ರು.

ನಮ್ಮ ಭಾನುವಾರದ ಗುಂಪಿನ ಪುಸ್ತಕ ಇಂಗ್ಲಿಷ್, ಜಗಳ ಕನ್ನಡ. 'ಸೇವಿಂಗ್ ಥ್ರೋ'ಗೆ ಜಪಾನೀಯರು 'ಸೇವಿಂಗು ಸುರೋ' ಅಂತ ಹಾಗೇ ಬರೆದುಕೊಂಡ್ರು. ನಾವು 'ಬಚಾವ್ ದಾಳ' ಅಂತೀವಿ, ಅರ್ಥ ಕೇಳೋರೇ ಇಲ್ಲ. ಹೋದ ತಿಂಗಳ ಆಟವನ್ನ ಗೆಳತಿಯೊಬ್ಬಳು ಕನ್ನಡದಲ್ಲೇ, ಬೈಗುಳ ಸಮೇತ, ಬರೆದು ವಾಟ್ಸಾಪ್‌ಗೆ ಹಾಕಿದ್ಲು. ಯಾವತ್ತೂ ದಾಳ ಮುಟ್ಟದ ಅವಳ ತಂಗಿ ಅದನ್ನ ಓದಿ, "ಆ ಕಳ್ಳ ಕೊನೆಗೆ ಸಿಕ್ಕಿಬಿದ್ನಾ?" ಅಂತ ಕೇಳಿದ್ದಾಳೆ. ಈ ಭಾನುವಾರ ಅವಳೂ ಬರ್ತಾಳಂತೆ.