ಹಾರ್ಮೋನಿಯಂ ಮೇಷ್ಟರ ವೃತ್ತಿಕಥನ

ಹಾಸನ ಜಿಲ್ಲೆಯ ಸಂಗೀತ ಚರಿತ್ರೆಯನ್ನು ಕುರಿತ ನಮ್ಮ ಬರವಣಿಗೆ ಬೇಲೂರಿನ ಮದನಿಕೆಯರು, ಹಳೇಬೀಡಿನ ಭಿತ್ತಿಶಿಲ್ಪದ ವಾದ್ಯಗಾರರು, ಶಾಸನಗಳು ಸಂಗೀತ-ನೃತ್ಯ ನಿಪುಣೆಯೆಂದು ಹೊಗಳುವ ಶಾಂತಲೆ ಇವರಿಂದ ಆರಂಭವಾಗಿ ರುದ್ರಪಟ್ಟಣದ ವಿದ್ವಾಂಸರಲ್ಲಿ ನಿಲ್ಲುತ್ತದೆ. ಅರಸೀಕೆರೆ, ಬೇಲೂರು ಸೀಮೆಯ ಹಳ್ಳಿಗಳಲ್ಲಿ ಪೌರಾಣಿಕ ನಾಟಕ ಕಲಿಸುವ ಹಾರ್ಮೋನಿಯಂ ಮೇಷ್ಟರಿಗೆ ಅದರಲ್ಲಿ ಎಡೆ ದೊರೆತದ್ದು ವಿರಳ.

ತಿಂಗಳುಗಟ್ಟಲೆ ರಾತ್ರಿ ಅಭ್ಯಾಸ ನಡೆಸಿ, ರಾಗದ ಹೆಸರನ್ನೂ ಅರಿಯದ ರೈತನ ಕಂಠಕ್ಕೆ ಶ್ರುತಿ ಹೊಂದಿಸಿ, ‘ಕುರುಕ್ಷೇತ್ರ’ದ ಕೃಷ್ಣನ ಪದ್ಯಗಳನ್ನು ಹಾಡಿಸುವುದು ಸಾಮಾನ್ಯ ವಿದ್ಯೆಯಲ್ಲ. ಗಮಕಕ್ಕೆ ಒಗ್ಗದ ವಾದ್ಯವೆಂಬ ಆಕ್ಷೇಪದ ನಡುವೆ ಆಕಾಶವಾಣಿಯು 1940ರಲ್ಲಿ ಹಾರ್ಮೋನಿಯಮ್ಮನ್ನು ನಿಷೇಧಿಸಿತು. 1971ರವರೆಗೂ ನಿರ್ಬಂಧ ಸಡಿಲಲಿಲ್ಲ. ವಾದ್ಯದ ಮೇಲಿನ ಆ ತಾತ್ಸಾರ ವಾದಕನ ಮೇಲೂ ಬಿದ್ದಿತೆಂದು ನನ್ನ ಭಾವನೆ.

ಕಲಾವಿದರು ತಮ್ಮ ಬಾಳನ್ನು ತಾವೇ ಹೇಳಿದಾಗ ದೊರೆಯುವುದೇನು ಎಂಬುದಕ್ಕೆ ಕನ್ನಡದಲ್ಲಿ ನಿದರ್ಶನಗಳಿವೆ. ಮಲ್ಲಿಕಾರ್ಜುನ ಮನಸೂರರ ‘ನನ್ನ ರಸಯಾತ್ರೆ’ ನಾಟಕ ಕಂಪನಿಯಿಂದ ಘರಾಣೆಗೆ ಸಾಗಿದ ದಾರಿಯನ್ನು ತೋರಿದರೆ, ಗಂಗೂಬಾಯಿ ಹಾನಗಲ್ಲರ ‘ನನ್ನ ಬದುಕಿನ ಹಾಡು’ ಹಾಡುವ ಹೆಣ್ಣು ಉಂಡ ಅವಮಾನಗಳನ್ನು ದಾಖಲಿಸುತ್ತದೆ. ಕಛೇರಿಯ ಧ್ವನಿಮುದ್ರಣ ಇದನ್ನು ಹೇಳಲಾರದು.

ಆದ್ದರಿಂದ ಹಾಸನ ಜಿಲ್ಲೆಯ ಕಾಲೇಜುಗಳ ಕನ್ನಡ ವಿಭಾಗಗಳು ತಾಲ್ಲೂಕುವಾರು ಈ ಮೇಷ್ಟರ ವೃತ್ತಿಕಥನಗಳನ್ನು ಸಂಗ್ರಹಿಸಬೇಕು. ಪ್ರಶ್ನಾವಳಿಯೊಂದೇ ಸಾಲದು, ಹಾರ್ಮೋನಿಯಂ ಪೆಟ್ಟಿಗೆಯೂ ಮುಂದಿರಬೇಕು. ಯಾರಿಂದ ಕಲಿತರು, ಯಾವ ಜಾತಿಯವರ ಬೀದಿಗಳಲ್ಲಿ ಕಲಿಸಿದರು, ಎಷ್ಟು ಸಂಭಾವನೆ ಬಂತು, ಯಾವ ಮಟ್ಟನ್ನು ಏಕೆ ಬದಲಿಸಿದರು ಎಂಬುದನ್ನು ಅವರೇ ನುಡಿಸುತ್ತ ಹೇಳಬೇಕು. ಮದನಿಕೆಯರನ್ನು ನಮ್ಮ ಮುಂದಿನವರೂ ನೋಡಬಹುದು. ಮುಪ್ಪಿನ ಮೇಷ್ಟರನ್ನು ಕೇಳುವ ಅವಕಾಶ ನಮ್ಮ ತಲೆಮಾರಿಗಷ್ಟೇ ಇದೆ.